ಮಾತಿಗೆ ಮುಂಚೆ ಸಿದ್ಧತೆ: ಮನೆಯೊಳಗಿನ ಹಿಂಸೆಯಿಂದ ಹೊರಬರಲು ಕೊಡಗಿನ ಹೆಣ್ಣುಮಕ್ಕಳಿಗೊಂದು ಕೈಪಿಡಿ

"ಇನ್ನೊಂದು ಸಲ ಕೈ ಎತ್ತಿ ನೋಡಿ, ಠಾಣೆಗೆ ಹೋಗ್ತೇನೆ" ಎಂದು ಗಂಡನ ಮುಖಕ್ಕೆ ಹೇಳುವ ಮೊದಲು ಇದನ್ನು ಪೂರ್ತಿ ಓದಿ. ಹೊಡೆಯುವವನ ಕೈಯಿಂದ ಹೆಣ್ಣು ಜಾರಿಹೋಗುತ್ತಾಳೆ ಎಂದು ಅವನಿಗೆ ಗೊತ್ತಾಗುವ ದಿನವೂ ಅದರ ನಂತರದ ಕೆಲವು ವಾರಗಳೂ ಎಲ್ಲಕ್ಕಿಂತ ಅಪಾಯದವು. ಕೊಡಗಿನಲ್ಲಿ ಇದಕ್ಕೆ ಇನ್ನೂ ಮೂರು ಸಂಗತಿ ಸೇರಿಕೊಳ್ಳುತ್ತವೆ. ಕೂಗಿದರೆ ಪಕ್ಕದ ಮನೆಗೆ ಕೇಳದಷ್ಟು ದೂರದ ತೋಟದ ಮನೆಗಳು, ಮಳೆಗಾಲದಲ್ಲಿ ದಿನಗಟ್ಟಲೆ ಸಾಯುವ ಕರೆಂಟು ಮತ್ತು ನೆಟ್‌ವರ್ಕ್, ಗೋಡೆಗೆ ತೂಗುಹಾಕಿದ ಕೋವಿ. ಹಾಗಾಗಿ ಇಲ್ಲಿ ಕ್ರಮ ಒಂದೇ: ಮೊದಲು ಸಿದ್ಧತೆ, ಆಮೇಲೆ ಮಾತು.

ಹೊಡೆತ ಮಾತ್ರ ಹಿಂಸೆಯಲ್ಲ

ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರದು. ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಿಂದ. ಅದು ನಾಲ್ಕು ಬಗೆಯ ಹಿಂಸೆಯನ್ನು ಗುರುತಿಸುತ್ತದೆ: ದೈಹಿಕ, ಲೈಂಗಿಕ, ಮಾತಿನ ಹಾಗೂ ಭಾವನಾತ್ಮಕ, ಆರ್ಥಿಕ. ಮೊದಲನೆಯದು ಎಲ್ಲರಿಗೂ ಗೊತ್ತು. ಕೊನೆಯದನ್ನು ಹೆಚ್ಚಿನವರು ಹಿಂಸೆ ಎಂದೇ ಎಣಿಸುವುದಿಲ್ಲ. ಗೃಹಲಕ್ಷ್ಮಿಯ 2000 ರೂಪಾಯಿ ಬರುವ ಖಾತೆಯ ಎಟಿಎಂ ಕಾರ್ಡು ಗಂಡನ ಜೇಬಿನಲ್ಲಿರುವುದು, ಹೆಂಡತಿಯ ದುಡಿಮೆಯ ಬಟವಾಡೆಯನ್ನು ತೋಟದ ರೈಟರ್ (ಗುಮಾಸ್ತ) ಕೈಯಿಂದ ಗಂಡನೇ ಇಸಿದುಕೊಳ್ಳುವುದು, ತವರಿನವರು ಹಾಕಿದ ಪತ್ತಾಕ್, ಜೋಮಾಲೆಗಳನ್ನು ಕೇಳದೆ ಗಿರವಿ ಇಡುವುದು, ಮನೆ ಖರ್ಚಿಗೆ ಕಾಸು ಕೊಡದೆ ಒಂದೊಂದು ರೂಪಾಯಿಗೂ ಬೇಡಿಸುವುದು ಎಲ್ಲವೂ ಈ ಕಾಯ್ದೆಯಡಿ ಹಿಂಸೆಯೇ.

ಕಾಯ್ದೆ ಹೆಂಡತಿಯರಿಗೆ ಮಾತ್ರ ಸೀಮಿತವಲ್ಲ. ಮಗನಿಂದ ಹೊಡೆಸಿಕೊಳ್ಳುವ ತಾಯಿ, ಅಣ್ಣನ ಮನೆಯಲ್ಲಿರುವ ತಂಗಿ, ಮೈದುನರು ಹೊರದಬ್ಬುವ ವಿಧವೆ, ಮದುವೆಯಾಗದೆ ಗಂಡಹೆಂಡಿರಂತೆ ಬಾಳಿದವಳು, ಇವರೆಲ್ಲ ಅರ್ಜಿ ಹಾಕಬಹುದು. ಯಾವ ಜಾತಿ, ಯಾವ ಧರ್ಮ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಹಿಂಸೆ ಕೊಡುವವರು ಗಂಡಸರೇ ಆಗಿರಬೇಕೆಂದೂ ಇಲ್ಲ. 'ವಯಸ್ಕ ಪುರುಷ' ಎಂಬ ಮಾತನ್ನು ಸುಪ್ರೀಂ ಕೋರ್ಟ್ 2016ರಲ್ಲೇ ತೆಗೆದುಹಾಕಿದೆ, ಅತ್ತೆ ನಾದಿನಿಯರ ಮೇಲೂ ಅರ್ಜಿ ನಡೆಯುತ್ತದೆ.

ನಮ್ಮ ಮನೆಯಲ್ಲಿ ಮಾತ್ರ ಹೀಗೆ ಎಂಬ ನಾಚಿಕೆ ಬೇಡ. 2019-20ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮದುವೆಯಾದ 18ರಿಂದ 49 ವರ್ಷದ ಹೆಂಗಸರ ಪೈಕಿ ಗಂಡನ ಹಿಂಸೆ ಅನುಭವಿಸಿದವರು ಕರ್ನಾಟಕದಲ್ಲಿ 44.4 ಶೇಕಡಾ. ದೇಶದಲ್ಲೇ ಅತಿ ಹೆಚ್ಚು.

ಹಿಂಸೆ ನೆನಪಿನ ಮೇಲೆ ಮಾಡುವ ಕೆಲಸ

ಕಾನೂನಿನ ದಾರಿಗೆ ಹೋಗುವ ಮೊದಲು ಇದನ್ನು ತಿಳಿದಿರುವುದು ಒಳ್ಳೆಯದು, ಏಕೆಂದರೆ ಕೇಸು ಸೋಲುವುದು ಅನೇಕ ಸಲ ಇಲ್ಲೇ. ವರ್ಷಗಟ್ಟಲೆ ಹೆದರಿ ಬದುಕಿದವರ ನಿದ್ದೆ ಕೆಡುತ್ತದೆ, ಗೇಟಿನ ಸದ್ದಿಗೆ, ಜೀಪಿನ ಸದ್ದಿಗೆ ಎದೆ ಹೊಡೆದುಕೊಳ್ಳುತ್ತದೆ, ಹೊಟ್ಟೆನೋವು ತಲೆನೋವು ಬಿಡುವುದಿಲ್ಲ. ತಲೆಗೆ ಪದೇ ಪದೇ ಪೆಟ್ಟು ಬಿದ್ದಿದ್ದರೆ ಮರೆವು ಸೇರಿಕೊಳ್ಳುತ್ತದೆ. ಭಯದಲ್ಲಿ ನಡೆದ ಘಟನೆ ಮನಸ್ಸಿನಲ್ಲಿ ಸಾಲಾಗಿ ಕೂರುವುದಿಲ್ಲ. ಕುಕ್ಕರಿನ ಸೀಟಿ ನೆನಪಿರುತ್ತದೆ, ತಾರೀಕು ನೆನಪಿರುವುದಿಲ್ಲ. ಹೇಳುವಾಗ ಹಿಂದುಮುಂದಾಗುತ್ತದೆ. ಎದುರು ವಕೀಲರು ಅದನ್ನೇ ಹಿಡಿದು "ಸುಳ್ಳು" ಎನ್ನುತ್ತಾರೆ.

ಇದಕ್ಕೆ ಮದ್ದು ಬರೆದಿಡುವುದು. ತಾರೀಕು ಗೊತ್ತಿಲ್ಲದಿದ್ದರೆ ಕಾಲವನ್ನು ಕಟ್ಟಿಹಾಕುವ ಗೂಟ ಹುಡುಕಿ: ಪುತ್ತರಿಯ ಮಾರನೇ ದಿನ, ಕೈಲ್ ಮುಹೂರ್ತದ ವಾರ, ಅರೇಬಿಕಾ ಕುಯ್ಲಿನ ಕೊನೆ, ಮಗುವಿಗೆ ಚುಚ್ಚುಮದ್ದು ಹಾಕಿಸಿದ ದಿನ, ಸೇತುವೆ ಮೇಲೆ ನೀರು ಬಂದ ದಿನ. ಆಮೇಲೆ ಕ್ಯಾಲೆಂಡರ್ ನೋಡಿ ತಾರೀಕು ಹೊಂದಿಸಿಕೊಳ್ಳಬಹುದು. ಪ್ರತಿ ಘಟನೆಗೂ ಐದು ಸಾಲು ಸಾಕು: ಯಾವಾಗ, ಮನೆಯ ಯಾವ ಜಾಗದಲ್ಲಿ, ಯಾವುದರಿಂದ, ಮೈಯ ಎಲ್ಲಿಗೆ, ನೋಡಿದವರು ಯಾರು. ಪುಸ್ತಕ ಮನೆಯಲ್ಲಿರಬಾರದು.

ಮೊದಲ ಹೆಜ್ಜೆ: ಅಪಾಯ ಎಷ್ಟೆಂದು ಅಳೆಯಿರಿ

ಕೆಳಗಿನವುಗಳಲ್ಲಿ ಒಂದಾದರೂ ಇದ್ದರೆ ನಿಧಾನಿಸುವ ಹಕ್ಕು ನಿಮಗಿಲ್ಲ ಎಂದುಕೊಳ್ಳಿ. ಕುತ್ತಿಗೆ ಹಿಸುಕಿದ್ದಾನೆ. ಕೋವಿ ಅಥವಾ ಕತ್ತಿ ತೋರಿಸಿದ್ದಾನೆ. "ನಿನ್ನನ್ನು ಕೊಂದು ನಾನೂ ಸಾಯುತ್ತೇನೆ" ಎಂದಿದ್ದಾನೆ. ನೀವು ಬಸುರಿಯಾಗಿರುವಾಗ ಹೊಡೆದಿದ್ದಾನೆ. ಹಿಂಬಾಲಿಸುತ್ತಾನೆ, ಫೋನ್ ಕಸಿಯುತ್ತಾನೆ. ಹೊಡೆತ ಮೊದಲಿಗಿಂತ ಬೇಗ ಬೇಗ, ಜೋರಾಗಿ ಬೀಳುತ್ತಿದೆ.

ಕುತ್ತಿಗೆ ಹಿಸುಕುವುದನ್ನು ಜನ ಹಗುರವಾಗಿ ನೋಡುತ್ತಾರೆ, ಚರ್ಮದ ಮೇಲೆ ಗುರುತೇ ಇರುವುದಿಲ್ಲವಲ್ಲ. ಆದರೆ ಮುಂದೆ ಕೊಲೆಯಾಗುವ ಸಂಭವವನ್ನು ತೀರಾ ಸ್ಪಷ್ಟವಾಗಿ ಹೇಳುವ ಲಕ್ಷಣಗಳಲ್ಲಿ ಇದೂ ಒಂದು. ಧ್ವನಿ ಒಡೆಯುವುದು, ಎಂಜಲು ನುಂಗಲು ಕಷ್ಟ, ಕಣ್ಣಿನ ಬಿಳಿಭಾಗದಲ್ಲಿ ಕೆಂಪು ಚುಕ್ಕೆ, ತಲೆಸುತ್ತು, ಅರಿವಿಲ್ಲದೆ ಮೂತ್ರ ಹೋದದ್ದು, ಕ್ಷಣಕಾಲ ಕತ್ತಲು ಕವಿದದ್ದು, ಇವುಗಳಲ್ಲಿ ಏನಿದ್ದರೂ ಅಂದೇ ಆಸ್ಪತ್ರೆಗೆ ಹೋಗಿ. ಕತ್ತಿನ ರಕ್ತನಾಳಕ್ಕೆ ಏಟಾಗಿದ್ದರೆ ತೊಂದರೆ ಒಂದೆರಡು ದಿನ ಕಳೆದ ಮೇಲೂ ಕಾಣಿಸಿಕೊಳ್ಳುತ್ತದೆ. ವೈದ್ಯರಿಗೆ "ಹೊಡೆದರು" ಎಂದಷ್ಟೇ ಹೇಳಬೇಡಿ, "ಕುತ್ತಿಗೆ ಹಿಸುಕಿದರು" ಎಂದೇ ಹೇಳಿ.

ಇನ್ನು ಕೋವಿ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಭೂಮಿ) ಹಿಡುವಳಿದಾರರಿಗೂ ಶಸ್ತ್ರ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಈ ವಿನಾಯಿತಿ ಪರವಾನಗಿಗೆ ಮಾತ್ರ. ಹೆಂಡತಿಗೆ ಗುರಿಯಿಡಲು ಯಾರಿಗೂ ವಿನಾಯಿತಿ ಇಲ್ಲ. ಕೋವಿ ನೆಲೆಯ ಗೌರವ, ಪೂಜೆಯ ವಸ್ತು ಎಂಬ ಮಾತಿಗೆ ಮರುಳಾಗಿ ದೂರಿನಲ್ಲಿ ಅದನ್ನು ಬಿಟ್ಟುಬಿಡುವವರಿದ್ದಾರೆ, ಬಿಡಬೇಡಿ. ದೂರಿನಲ್ಲಿ ಕೋವಿ ಯಾವ ಬಗೆಯದು, ಯಾರ ಹೆಸರಿನದು, ಎಲ್ಲಿ ಇಡುತ್ತಾರೆ, ತೋಟಾ ಎಲ್ಲಿದೆ ಎಂದು ಬರೆಯಿರಿ. 2005ರ ಕಾಯ್ದೆಯಡಿಯ 2006ರ ನಿಯಮಗಳ ಪ್ರಕಾರ ಮ್ಯಾಜಿಸ್ಟ್ರೇಟ್ ಆದೇಶಿಸಿದರೆ ಸಂರಕ್ಷಣಾಧಿಕಾರಿ (ಈ ಕಾಯ್ದೆಯಡಿ ನೆರವಿಗೆ ನೇಮಕವಾದ ಅಧಿಕಾರಿ) ಪೊಲೀಸರ ನೆರವಿನಿಂದ ಹಿಂಸೆಗೆ ಬಳಸಿದ ಆಯುಧವನ್ನು ವಶಕ್ಕೆ ಪಡೆಯಬೇಕು. ಕೇಳದಿದ್ದರೆ ಆ ಆದೇಶ ತಾನಾಗಿ ಬರುವುದಿಲ್ಲ. ಚುನಾವಣೆ ಬಂದಾಗ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡಿಸಿ ರೂಢಿಯಿರುವ ಜಿಲ್ಲೆ ಇದು, ಪೊಲೀಸರಿಗೆ ಈ ಕೆಲಸ ಹೊಸತಲ್ಲ. ಒಂದು ಎಚ್ಚರಿಕೆ: ಕೋವಿಯನ್ನೋ ತೋಟಾವನ್ನೋ ನೀವೇ ಅಡಗಿಸಲು ಹೋಗಬೇಡಿ. ಸಿಕ್ಕಿಬಿದ್ದರೆ ಅದೇ ಜಗಳಕ್ಕೆ ಕಾರಣವಾಗುತ್ತದೆ.

ಎರಡನೇ ಹೆಜ್ಜೆ: ಗುಟ್ಟಿನ ಸಿದ್ಧತೆ

ಒಬ್ಬರಿಗೆ ಹೇಳಿ. ಒಬ್ಬರಿಗೆ ಸಾಕು, ಆದರೆ ಬಾಯಿ ಗಟ್ಟಿ ಇರುವವರಾಗಿರಲಿ. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಸ್ತ್ರೀಶಕ್ತಿ ಸಂಘದ ಜೊತೆಗಾರ್ತಿ ಒಳ್ಳೆಯ ಆಯ್ಕೆ. ಅವರು ಮನೆಗೆ ಬಂದುಹೋದರೆ ಯಾರಿಗೂ ಅನುಮಾನ ಬರುವುದಿಲ್ಲ. ಗಂಡನ ಕಡೆಯ ನೆಂಟರು ಎಷ್ಟೇ ಒಳ್ಳೆಯವರಾದರೂ ಈ ಹಂತದಲ್ಲಿ ಬೇಡ. ನೀವು ಹೇಳಿಕೊಂಡ ಆ ಒಬ್ಬರೊಡನೆ ಒಂದು ಸಂಕೇತದ ಮಾತು ಗೊತ್ತುಮಾಡಿಕೊಳ್ಳಿ. "ಅಕ್ಕ, ಕಾಳುಮೆಣಸು ಒಣಗಿತಾ?" ಎಂದು ಮೆಸೇಜು ಬಂದರೆ ಅವರು ತುರ್ತು ಸಹಾಯವಾಣಿ 112ಕ್ಕೆ ಕರೆ ಮಾಡಬೇಕು, ಅಷ್ಟೇ.

ದಾಖಲೆಗಳನ್ನು ಒಂದೊಂದಾಗಿ ಹೊರಗೆ ದಾಟಿಸಿ, ಒಟ್ಟಿಗೆ ಎತ್ತಿದರೆ ಕಪಾಟು ಖಾಲಿಯಾದದ್ದು ಕಾಣುತ್ತದೆ. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್, ಮದುವೆ ನೋಂದಣಿ ಪತ್ರ ಅಥವಾ ಲಗ್ನಪತ್ರಿಕೆ ಮತ್ತು ಮದುವೆಯ ಎರಡು ಫೋಟೊ, ಮಕ್ಕಳ ಜನನ ಪ್ರಮಾಣಪತ್ರ, ತಾಯಿ ಕಾರ್ಡು, ಜಾತಿ ಪ್ರಮಾಣಪತ್ರ, ತೋಟದ ಕೆಲಸದವರಾದರೆ ಪಿಎಫ್ ಸಂಖ್ಯೆ ಮತ್ತು ಸಂಬಳದ ಚೀಟಿ. ಮೂಲ ಸಿಗದಿದ್ದರೆ ಫೋಟೊ ಹೊಡೆದು ಆ ಒಬ್ಬರಿಗೆ ಕಳುಹಿಸಿ ನಿಮ್ಮ ಫೋನಿನಿಂದ ಅಳಿಸಿ. ಒಡವೆಯ ಪಟ್ಟಿ ಬೇರೆಯಾಗಿ ಬೇಕು: ಹೆಸರು, ಅಂದಾಜು ತೂಕ, ಕೊಟ್ಟವರು ಯಾರು, ಈಗ ಯಾರ ಕೈಯಲ್ಲಿದೆ. ಕೊಕ್ಕೆತಾತಿ ಧರಿಸಿದ ಮದುವೆಯ ಫೋಟೊ ಒಂದಿದ್ದರೆ ಮುಂದೆ ಸ್ತ್ರೀಧನ ಮರಳಿ ಕೇಳುವಾಗ ಹತ್ತು ಮಾತಿನ ಕೆಲಸ ಮಾಡುತ್ತದೆ.

ಚೀಲದಲ್ಲಿ ಎರಡು ಜೊತೆ ಬಟ್ಟೆ, ನಿತ್ಯದ ಮಾತ್ರೆ, ಚಾರ್ಜರ್, ಮಗುವಿಗೆ ಬೇಕಾದ್ದು, ಮಳೆಗಾಲವಾದರೆ ಟಾರ್ಚು ಮತ್ತು ಕೊಡೆ. ಸ್ವಲ್ಪ ನಗದು ಇರಲಿ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಕೆಎಸ್‌ಆರ್‌ಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಮಾತ್ರ, ಅದೂ ಕರ್ನಾಟಕದ ವಿಳಾಸದ ಗುರುತಿನ ಚೀಟಿ ಇದ್ದರೆ. ನಮ್ಮ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅಲ್ಲಿ ಟಿಕೆಟ್ ಕೊಳ್ಳಲೇಬೇಕು. ಕೊನೆಯ ಬಸ್ಸು ಎಷ್ಟು ಗಂಟೆಗೆ, ಆಟೊದವರಲ್ಲಿ ನಂಬುವಂಥವರು ಯಾರು ಎಂದು ಮೊದಲೇ ತಿಳಿದಿಟ್ಟುಕೊಳ್ಳಿ. ಗಂಡನ ಗೆಳೆಯನ ಆಟೊ ಹತ್ತಿ ಅರ್ಧ ದಾರಿಯಿಂದ ವಾಪಸು ಬಂದವರ ಕಥೆ ಬೇಡ.

ಫೋನು ನಿಮ್ಮನ್ನು ಹಿಡಿದುಕೊಡುತ್ತದೆ. ವಾಟ್ಸ್‌ಆಪ್ ಸೆಟ್ಟಿಂಗ್ಸ್‌ನಲ್ಲಿ 'ಲಿಂಕ್ಡ್ ಡಿವೈಸಸ್' ತೆರೆದು ಬೇರೆ ಯಾವ ಸಾಧನದಲ್ಲಾದರೂ ನಿಮ್ಮ ಖಾತೆ ತೆರೆದಿದೆಯೇ ನೋಡಿ. ಗೂಗಲ್ ಮ್ಯಾಪ್ಸ್‌ನಲ್ಲಿ ನಿಮ್ಮ ಚಿತ್ರದ ಮೇಲೆ ಒತ್ತಿ 'ಲೊಕೇಶನ್ ಶೇರಿಂಗ್' ಯಾರಿಗೆ ಹೋಗುತ್ತಿದೆ ಎಂದು ನೋಡಿ. ಆದರೆ ಇವನ್ನು ಈಗಲೇ ಬಂದ್ ಮಾಡಿದರೆ ಅವನಿಗೆ ಗೊತ್ತಾಗುತ್ತದೆ. ಹೊರಡುವ ಗಳಿಗೆಯಲ್ಲಿ ಮಾಡಿ. ಸಹಾಯವಾಣಿಗೆ ಕರೆ ಮಾಡುವುದಿದ್ದರೆ ಆ ಒಬ್ಬರ ಫೋನಿನಿಂದಲೇ ಮಾಡುವುದು ಮೇಲು. ಆಧಾರ್‌ಗೆ, ಬ್ಯಾಂಕಿಗೆ ಜೋಡಿಸಿರುವ ನಂಬರು ಗಂಡನದಾಗಿದ್ದರೆ ಒಟಿಪಿ ಅವನಿಗೇ ಹೋಗುತ್ತದೆ. ಹೊರಬಂದ ಮೊದಲ ವಾರದಲ್ಲೇ ಆಧಾರ್ ಕೇಂದ್ರಕ್ಕೂ ಬ್ಯಾಂಕಿಗೂ ಹೋಗಿ ಬದಲಿಸಿ.

ಪೆಟ್ಟು ಬಿದ್ದ ದಿನ

ಜಗಳ ಏರುತ್ತಿದೆ ಎನಿಸಿದರೆ ಅಡುಗೆಮನೆ, ಬಚ್ಚಲು, ಕೋವಿಯಿರುವ ಕೋಣೆ ಮೂರನ್ನೂ ಬಿಟ್ಟು ಹೊರಬಾಗಿಲಿನ ಕಡೆಗೆ ಸರಿಯಿರಿ. 112 ಒತ್ತಿ. ಸ್ಮಾರ್ಟ್‌ಫೋನುಗಳಲ್ಲಿ ಪವರ್ ಬಟನ್ ಮೂರು ಸಲ, ಹಳೆಯ ಕೀಪ್ಯಾಡ್ ಫೋನುಗಳಲ್ಲಿ 5 ಅಥವಾ 9 ಒತ್ತಿ ಹಿಡಿದರೂ ತುರ್ತು ಕರೆ ಹೋಗುವ ವ್ಯವಸ್ಥೆ ಇದೆ. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ 112 ಹೋಗಬಹುದು, ಒಮ್ಮೆ ಪ್ರಯತ್ನಿಸಿ. ವಿಳಾಸ ಹೇಳುವಾಗ ತೋಟದ ಹೆಸರು, ಮುಖ್ಯರಸ್ತೆಯಿಂದ ಯಾವ ಗೇಟು, ಹತ್ತಿರದ ಬಸ್ ತಂಗುದಾಣ ಅಥವಾ ಅಂಗಡಿ ಹೇಳಿ. "ಕೋವಿ ಇದೆ" ಎಂಬುದನ್ನು ಮೊದಲ ವಾಕ್ಯದಲ್ಲೇ ಹೇಳಿ.

ಆಮೇಲೆ ಆಸ್ಪತ್ರೆ. ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬೋಧಕ ಆಸ್ಪತ್ರೆ, ವಿರಾಜಪೇಟೆ, ಸೋಮವಾರಪೇಟೆಯ ಸರಕಾರಿ ಆಸ್ಪತ್ರೆಗಳು, ಯಾವುದು ಹತ್ತಿರವೋ ಅದು. ಅಲ್ಲಿ 'ಎಂಎಲ್‌ಸಿ ಮಾಡಿ' ಎಂದು ಬಾಯಿಬಿಟ್ಟು ಕೇಳಿ, ಅಂದರೆ ಗಾಯವನ್ನು ಕಾನೂನಿನ ದಾಖಲೆಯಾಗಿ ಬರೆದಿಡಲು. ಚಿಕಿತ್ಸೆಗೆ ಎಫ್‌ಐಆರ್ ಬೇಕಿಲ್ಲ. ಇಲ್ಲಿ ನಡೆಯುವ ತಪ್ಪು ಯಾವಾಗಲೂ ಒಂದೇ: ಜೊತೆಗೆ ಬಂದ ಗಂಡನೋ ಅತ್ತೆಯೋ ಪಕ್ಕದಲ್ಲಿ ನಿಂತಿರುತ್ತಾರೆ, ಹೆಂಗಸು "ಮೆಟ್ಟಿಲಿಂದ ಜಾರಿದೆ" ಎನ್ನುತ್ತಾಳೆ, ವೈದ್ಯರು ಅದನ್ನೇ ಬರೆಯುತ್ತಾರೆ. ಎರಡು ವರ್ಷದ ಬಳಿಕ ನ್ಯಾಯಾಲಯದಲ್ಲಿ ಆ ಒಂದು ಸಾಲು ಎದ್ದುನಿಲ್ಲುತ್ತದೆ. ಪರೀಕ್ಷೆ ಒಬ್ಬಳೇ ಇರುವಾಗ ಆಗಲಿ ಎಂದು ಕೇಳಿ. ಯಾರು, ಯಾವುದರಿಂದ, ಎಷ್ಟು ಹೊತ್ತಿಗೆ ಎಂದು ಹೇಳಿ, ಹಳೆಯ ಗಾಯದ ಕಲೆಗಳನ್ನೂ ತೋರಿಸಿ. ಎಂಎಲ್‌ಸಿ ಸಂಖ್ಯೆ ಬರೆದುಕೊಳ್ಳಿ.

ಗಾಯದ ಫೋಟೊ ಹಗಲು ಬೆಳಕಿನಲ್ಲಿ ತೆಗೆಯಿರಿ. ಒಂದು ಮುಖವೂ ಕಾಣುವಂತೆ, ಒಂದು ಹತ್ತಿರದಿಂದ, ಪಕ್ಕದಲ್ಲಿ ಒಂದು ನಾಣ್ಯ ಇಟ್ಟು. ಮಾರನೇ ದಿನ, ಅದರ ಮಾರನೇ ದಿನ ಮತ್ತೆ ತೆಗೆಯಿರಿ. ಬಾಸುಂಡೆ, ಕಂದು ಕಲೆ ಆಗಲೇ ಗಾಢವಾಗುವುದು. ವಾಟ್ಸ್‌ಆಪ್‌ನಲ್ಲಿ ಕಳಿಸುವಾಗ 'ಡಾಕ್ಯುಮೆಂಟ್' ಆಗಿ ಕಳಿಸಿ, ಇಲ್ಲದಿದ್ದರೆ ಚಿತ್ರ ಕುಗ್ಗಿ ತೆಗೆದ ಸಮಯದ ವಿವರ ಹೋಗುತ್ತದೆ. ಧ್ವನಿಮುದ್ರಣ, ಮೆಸೇಜು ಇದ್ದರೆ ಆ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದ ಜೊತೆಗೆ ಕೊಟ್ಟರೇ ಅವು ಸಾಕ್ಷ್ಯವಾಗುವುದು, ಅದಕ್ಕೆ ಮೂಲ ಸಾಧನವಿದ್ದರೆ ಸುಲಭ.

ಲೈಂಗಿಕ ಹಿಂಸೆಯಾಗಿದ್ದರೆ ಸ್ನಾನ ಮಾಡುವ ಮೊದಲು ಆಸ್ಪತ್ರೆಗೆ ಹೋಗಿ, ಬಟ್ಟೆಯನ್ನು ಪ್ಲಾಸ್ಟಿಕ್ ಬದಲು ಕಾಗದದಲ್ಲಿ ಸುತ್ತಿ ಒಯ್ಯಿರಿ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಬಸಿರು ತಡೆಯುವ ತುರ್ತು ಮಾತ್ರೆ ಎಷ್ಟು ಬೇಗ ತೆಗೆದುಕೊಂಡರೆ ಅಷ್ಟು ಒಳ್ಳೆಯದು. ವಯಸ್ಕ ಹೆಂಡತಿಯ ಮೇಲೆ ಗಂಡ ಮಾಡಿದ ಬಲಾತ್ಕಾರವನ್ನು ನಮ್ಮ ದಂಡ ಕಾನೂನು ಇಂದಿಗೂ ಅತ್ಯಾಚಾರವೆಂದು ಕರೆಯುವುದಿಲ್ಲ. ಆದರೆ 2005ರ ಕಾಯ್ದೆಯಲ್ಲಿ ಅದು ಲೈಂಗಿಕ ಹಿಂಸೆಯೇ. ಅರ್ಜಿಯಲ್ಲಿ ಬರೆಯಲು ಸಂಕೋಚ ಬೇಡ.

ಠಾಣೆಯಲ್ಲಿ

ಯಾವ ಠಾಣೆಗೆ ಬೇಕಾದರೂ ಹೋಗಬಹುದು. ವ್ಯಾಪ್ತಿ ತಮ್ಮದಲ್ಲ ಎಂದರೆ ಝೀರೊ ಎಫ್‌ಐಆರ್ ಬರೆದು ವರ್ಗಾಯಿಸುವುದು ಅವರ ಕೆಲಸ. ಮಡಿಕೇರಿಯಲ್ಲಿ ಮಹಿಳಾ ಠಾಣೆ ಇದೆ. 2024ರ ಜುಲೈ 1ರ ನಂತರದ ಘಟನೆಗಳಿಗೆ ಭಾರತೀಯ ನ್ಯಾಯ ಸಂಹಿತೆ ಅನ್ವಯಿಸುತ್ತದೆ. ಗಂಡ ಮತ್ತು ಅವನ ಸಂಬಂಧಿಕರ ಕ್ರೌರ್ಯಕ್ಕೆ 85ನೇ ಕಲಂ, 3 ವರ್ಷದವರೆಗೆ ಜೈಲು. ಹಳೆಯ 498ಎ ಎಂದು ಜನ ಹೇಳುವುದು ಇದನ್ನೇ.

ದೂರು ಬರೆಯುವಾಗ "ಯಾವಾಗಲೂ ಕುಡಿದು ಹೊಡೆಯುತ್ತಾರೆ" ಎಂದರೆ ಅದು ದೂರಲ್ಲ, ಗೊಣಗಾಟ ಎಂದು ಬದಿಗಿಡುತ್ತಾರೆ. ಮೂರು ಘಟನೆ ಆರಿಸಿ: ಮೊದಲನೆಯದು, ಅತಿ ಕ್ರೂರವಾದದ್ದು, ಕೊನೆಯದು. ಪ್ರತಿಯೊಂದಕ್ಕೂ ಆ ಐದು ಸಾಲು. ಮನೆಯಲ್ಲಿರುವ ಎಲ್ಲರ ಹೆಸರನ್ನೂ ಸೇರಿಸುವ ಆಸೆ ಹುಟ್ಟುತ್ತದೆ, ಯಾರೋ ಸಲಹೆಯನ್ನೂ ಕೊಡುತ್ತಾರೆ. ಏನೂ ಮಾಡದ ನಾದಿನಿಯ ಹೆಸರು ಸೇರಿದರೆ ಇಡೀ ದೂರು ಸಡಿಲವಾಗುತ್ತದೆ.

ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ಎಫ್‌ಐಆರ್ ಮಾಡದೆ 'ಅರ್ಜಿ ವಿಚಾರಣೆ' ಎಂದರೆ ಹಿಂಬರಹ (ಬರಹದಲ್ಲಿ ಉತ್ತರ) ಕೊಡಿ ಎನ್ನಿ. ನಿರಾಕರಿಸಿದರೆ ಮಡಿಕೇರಿಯ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ದೂರು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ. ಇನ್ನು ಮುಚ್ಚಳಿಕೆ. "ಇನ್ನು ಮುಂದೆ ಹೊಡೆಯುವುದಿಲ್ಲ" ಎಂದು ಬರೆಸಿ ಕಳುಹಿಸುವ ರೂಢಿ ಇದೆ. ಅದು ನ್ಯಾಯಾಲಯದ ಆದೇಶವಲ್ಲ, ಮುರಿದರೆ ಅದೊಂದರಿಂದಲೇ ಶಿಕ್ಷೆಯಾಗುವುದಿಲ್ಲ. ಆದರೂ ಕೆಲಸಕ್ಕೆ ಬಾರದ್ದೇನಲ್ಲ. ಹೊಡೆದದ್ದನ್ನು ಅವನೇ ಒಪ್ಪಿ ಸಹಿ ಹಾಕಿದ ಕಾಗದ ಅದು, ಪ್ರತಿ ಇಟ್ಟುಕೊಳ್ಳಿ. ನೀವು ಮಾತ್ರ ಖಾಲಿ ಹಾಳೆಗೆ ಸಹಿ ಹಾಕಬೇಡಿ.

ಮ್ಯಾಜಿಸ್ಟ್ರೇಟರ ಮುಂದೆ

ನಮ್ಮ ಅಭಿಪ್ರಾಯದಲ್ಲಿ ಹೆಚ್ಚಿನ ಹೆಂಗಸರಿಗೆ ಕ್ರಿಮಿನಲ್ ಕೇಸಿಗಿಂತ ಮೊದಲು ಬೇಕಾದದ್ದು ಇದು. ಠಾಣೆಯ ದಾರಿ ಅವನಿಗೆ ಶಿಕ್ಷೆ ಕೊಡಿಸುವತ್ತ ಹೋಗುತ್ತದೆ, ಈ ದಾರಿ ನಿಮಗೆ ಸೂರು, ಕಾಸು, ಮಕ್ಕಳು, ರಕ್ಷಣೆ ಕೊಡಿಸುವತ್ತ. ಎರಡನ್ನೂ ಒಟ್ಟಿಗೆ ನಡೆಸಲು ಅಡ್ಡಿಯಿಲ್ಲ.

ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಒ, ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿಯೂ ಹೌದು. ಅಂಗನವಾಡಿ ಟೀಚರಿಗೆ ಆ ಕಚೇರಿಯ ದಾರಿ ಗೊತ್ತಿರುತ್ತದೆ. ಅವರು ಕೌಟುಂಬಿಕ ಘಟನಾ ವರದಿಯನ್ನು ನಮೂನೆ 1ರಲ್ಲಿ ಬರೆಯುತ್ತಾರೆ. ನ್ಯಾಯಾಲಯಕ್ಕೆ ಅರ್ಜಿ ನಮೂನೆ 2ರಲ್ಲಿ, ತುರ್ತು ಆದೇಶಕ್ಕೆ ಪ್ರಮಾಣಪತ್ರ ನಮೂನೆ 3ರಲ್ಲಿ. ಆ ವರದಿ ಇಲ್ಲದೆಯೂ ನೇರವಾಗಿ ಅರ್ಜಿ ಹಾಕಬಹುದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಗಂಡನ ಊರಿನಲ್ಲೇ ಹಾಕಬೇಕೆಂದಿಲ್ಲ. ನೀವು ತಾತ್ಕಾಲಿಕವಾಗಿ ಇರುವ ಊರಿನ ನ್ಯಾಯಾಲಯವೂ ನಡೆಯುತ್ತದೆ. ಹುಣಸೂರಿನಿಂದ ಕುಶಾಲನಗರಕ್ಕೆ ತವರಿಗೆ ಬಂದಿದ್ದರೆ ಕುಶಾಲನಗರವೇ ಆಗಬಹುದು.

ವಕೀಲರ ಶುಲ್ಕದ ಚಿಂತೆ ಬೇಡ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವಿನ ಹಕ್ಕಿದೆ. ಮಡಿಕೇರಿಯ ನ್ಯಾಯಾಲಯದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ತಾಲ್ಲೂಕುಗಳಲ್ಲಿ ಅದರ ಸಮಿತಿ, ಫೋನಿಗೆ 15100.

ಅರ್ಜಿಯ ಕೊನೆಯಲ್ಲಿ ಬೇಡಿಕೆಗಳ ಭಾಗವಿರುತ್ತದೆ. ಬರೆಯದ್ದು ಸಿಗುವುದಿಲ್ಲ. ರಕ್ಷಣಾ ಆದೇಶ (18ನೇ ಕಲಂ) ಕೇಳುವಾಗ ಮನೆ, ಕೆಲಸದ ಜಾಗ, ಮಕ್ಕಳ ಶಾಲೆ, ಫೋನು ನಾಲ್ಕನ್ನೂ ಹೆಸರಿಸಿ. ವಾಸದ ಆದೇಶ (19), ಹಣದ ಪರಿಹಾರ (20), ಮಕ್ಕಳ ಸುಪರ್ದಿ (21), ಹಿಂಸೆಗೆ ನಷ್ಟಪರಿಹಾರ (22), ಒಡವೆ ವಾಪಸು, ಕೋವಿಯ ವಶ. ಇವೆಲ್ಲಕ್ಕೂ ಮೇಲೆ 23ನೇ ಕಲಮಿನ ಮಧ್ಯಂತರ ಆದೇಶ. ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ, ಮುಗಿಸಲು ಯತ್ನಿಸಬೇಕಾದದ್ದು 60 ದಿನದಲ್ಲಿ ಎಂದು ಕಾಯ್ದೆ ಹೇಳಿದರೂ ವಾಯಿದೆ ಮೇಲೆ ವಾಯಿದೆ ಬೀಳುವುದು ಎಲ್ಲರೂ ಕಂಡದ್ದೇ. ಮಧ್ಯಂತರ ಆದೇಶವಿಲ್ಲದೆ ಕಾಯುವುದೆಂದರೆ ಕೊಡೆಯಿಲ್ಲದೆ ಆಷಾಢ ಕಳೆದಂತೆ.

'ಮನೆ ನನ್ನ ಹೆಸರಲ್ಲಿಲ್ಲ, ಐನ್‌ಮನೆ, ಒಕ್ಕದ್ದು (ಇಡೀ ಮನೆತನದ್ದು), ಜಮ್ಮಾ ಆಸ್ತಿ' ಎಂಬ ವಾದ ಬಂದೇ ಬರುತ್ತದೆ. ಕಾಯ್ದೆಯ ಉತ್ತರ ಸ್ಪಷ್ಟವಾಗಿದೆ. ಅವನು ಸದಸ್ಯನಾಗಿರುವ ಅವಿಭಕ್ತ ಕುಟುಂಬದ ಮನೆಯಲ್ಲಿ ನೀವು ಬಾಳಿದ್ದರೆ ಯಾರ ಹೆಸರಿನಲ್ಲಿದ್ದರೂ ಅದು ಹಂಚಿಕೊಂಡ ಮನೆ. ಅತ್ತೆಮಾವಂದಿರ ಹೆಸರಿನ ಮನೆಗೂ ಇದು ಸಲ್ಲಬಹುದೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದು ವಾಸದ ಹಕ್ಕು, ಪಾಲಿನ ಹಕ್ಕಲ್ಲ. ಎರಡನ್ನೂ ಕಲಸಿದರೆ ಇಡೀ ಒಕ್ಕವೇ ಎದುರಾಗಿ ನಿಲ್ಲುತ್ತದೆ. ವಾಪಸು ಆ ಮನೆಗೆ ಹೋಗುವುದು ಅಪಾಯವೆನಿಸಿದರೆ ಬದಲಿ ಮನೆ ಅಥವಾ ಬಾಡಿಗೆ ಕೇಳಬಹುದು.

ಜೀವನಾಂಶದಲ್ಲಿ ನಮ್ಮ ಜಿಲ್ಲೆಯ ಕಷ್ಟವೇ ಬೇರೆ. ಕಾಫಿ ಹಣ ವರ್ಷಕ್ಕೊಮ್ಮೆ, ಕುಯ್ಲಿನ ನಂತರ ಬರುತ್ತದೆ. ಜುಲೈಯಲ್ಲಿ ನ್ಯಾಯಾಲಯಕ್ಕೆ ಬಂದವನು ಬ್ಯಾಂಕ್ ಪುಸ್ತಕ ತೋರಿಸಿ "ಏನೂ ಇಲ್ಲ" ಎನ್ನುತ್ತಾನೆ. ಆದ್ದರಿಂದ ಇಡೀ ವರ್ಷದ ಲೆಕ್ಕ ಇಟ್ಟು 12ರಿಂದ ಭಾಗಿಸಿ ತಿಂಗಳ ಮೊತ್ತ ಕೇಳಬೇಕು. ಪಹಣಿಯನ್ನು ನಾಡಕಚೇರಿಯಲ್ಲಿ ಯಾರು ಬೇಕಾದರೂ ಪಡೆಯಬಹುದು. ಕ್ಯೂರಿಂಗ್ ವರ್ಕ್ಸ್‌ಗೋ ವ್ಯಾಪಾರಿಗೋ ಕಾಫಿ ಹಾಕಿದ ಚೀಟಿ, ಕಾಳುಮೆಣಸು ಮಾರಿದ ರಶೀದಿ, ಹೋಂಸ್ಟೇ ನಡೆಸುತ್ತಿದ್ದರೆ ಅದರ ನೋಂದಣಿ, ಸಹಕಾರ ಸಂಘದಲ್ಲಿ ತೆಗೆದ ಬೆಳೆಸಾಲ. ಸಾಲ ಕೇಳುವಾಗ ಆದಾಯ ಹೆಚ್ಚು ತೋರಿಸಿರುತ್ತಾರೆ, ಜೀವನಾಂಶ ಕೊಡುವಾಗ ಕಡಿಮೆ! ಜೀವನಾಂಶದ ಬಗ್ಗೆ ಸುಪ್ರೀಂ ಕೋರ್ಟಿನ 2020ರ ತೀರ್ಪಿನಂತೆ ಇಬ್ಬರೂ ಆಸ್ತಿ ಮತ್ತು ಹೊಣೆಗಳ ಪ್ರಮಾಣಪತ್ರ ಸಲ್ಲಿಸಬೇಕು, ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕ.

ನೋಟಿಸು "ವಿಳಾಸದಾರ ಸಿಗಲಿಲ್ಲ" ಎಂದು ಹಿಂದೆ ಬರುವುದು ತಿಂಗಳುಗಟ್ಟಲೆ ತಿನ್ನುತ್ತದೆ. ತೋಟದ ಹೆಸರು, ಗ್ರಾಮ, ಅಂಚೆ, ಗಂಡನ ಫೋನು, ಅವನು ದಿನವೂ ಸಿಗುವ ಜಾಗ ಎಲ್ಲವನ್ನೂ ಅರ್ಜಿಯಲ್ಲಿ ಕೊಡಿ.

ಲೈನ್ ಮನೆಯವರಿಗೆ

ಎರವ, ಪಣಿಯ, ಜೇನುಕುರುಬ, ಬೆಟ್ಟಕುರುಬ ಹೆಣ್ಣುಮಕ್ಕಳಿಗೂ ಅಸ್ಸಾಮಿನಿಂದ ಕೆಲಸಕ್ಕೆ ಬಂದವರಿಗೂ ಇರುವ ಲೈನ್ ಮನೆ ತೋಟದ ಸಾಹುಕಾರರದು, ಗಂಡ ಬಿಟ್ಟರೆ ಸೂರೂ ಹೋಯಿತು ಎಂಬ ಭಯ. ಗಂಡ ತೆಗೆದ ಮುಂಗಡವನ್ನು ತೀರಿಸಲು ಹೆಂಡತಿ ಅಲ್ಲೇ ಇದ್ದು ದುಡಿಯಬೇಕೆಂದು ಯಾರಾದರೂ ಹೇಳಿದರೆ ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಗೆ ವಿರುದ್ಧ, ತಹಶೀಲ್ದಾರರಿಗೆ ದೂರು ಕೊಡಬಹುದು. ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರು ಬೇರೆಯಾಗಿ ಇರಲಿ, ಬಟವಾಡೆ ನಿಮ್ಮ ಖಾತೆಗೇ ಬೀಳಲಿ. ಗಂಡ ಬೇರೆ ಜಾತಿಯವನಾಗಿ ಪರಿಶಿಷ್ಟ ಪಂಗಡದವಳೆಂಬ ಕಾರಣಕ್ಕೆ ಹೀನಾಯ ಮಾಡಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆಯನ್ನೂ ದೂರಿನಲ್ಲಿ ಸೇರಿಸಲು ಕೇಳಿ. ಕನ್ನಡ ಬಾರದಿದ್ದರೆ ನಿಮ್ಮ ಮಾತು ಬಲ್ಲ ಹೆಂಗಸೊಬ್ಬರನ್ನು ಕರೆದೊಯ್ಯಿರಿ, ಗಂಡನ ತಮ್ಮ ಭಾಷಾಂತರ ಮಾಡುವುದು ಬೇಡ. ಹುಡುಗಿಗೆ 18 ತುಂಬಿಲ್ಲವಾದರೆ ಮೊದಲ ಕರೆ ಮಕ್ಕಳ ಸಹಾಯವಾಣಿ 1098ಕ್ಕೆ.

ಹಿರಿಯರ ಪಂಚಾಯ್ತಿಕೆ

ಒಕ್ಕದ ಪಟ್ಟೆದಾರರು (ಮನೆತನದ ಯಜಮಾನರು), ಜಮಾಅತ್, ಚರ್ಚಿನ ಫಾದರ್, ತೋಟದ ಸಾಹುಕಾರರು ಯಾರೋ ಒಬ್ಬರು ಕೂರಿಸಿ ಮಾತಾಡುತ್ತಾರೆ. ಒಡವೆ ವಾಪಸು ಕೊಡಿಸಲು, ಮಕ್ಕಳ ಪುಸ್ತಕ ಬಟ್ಟೆ ತರಿಸಲು ಅವರ ಮಾತು ನಡೆಯುತ್ತದೆ, ಬಳಸಿಕೊಳ್ಳಿ. ಆದರೆ ಕೋವಿ ತೋರಿಸಿದವನ, ಕುತ್ತಿಗೆ ಹಿಸುಕಿದವನ ಎದುರು ಕೂತು ರಾಜಿ ಮಾಡಲು ಒಪ್ಪಬೇಡಿ. ಎದುರಿಗೇ ಇರುವವನ ಹೆದರಿಕೆಯಲ್ಲಿ ಹೇಳಿದ 'ಸರಿ' ಒಪ್ಪಿಗೆಯಲ್ಲ. ಕೇಸು ವಾಪಸು ತೆಗೆದುಕೊಂಡ ಮೇಲೆ ಕೊಡುತ್ತೇವೆ ಎಂಬ ಯಾವ ಮಾತನ್ನೂ ನಂಬಬೇಡಿ.

ಹೊರಬಂದ ಮೇಲೆ

ಇರಲು ಜಾಗವಿಲ್ಲದಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಸಖಿ ಒನ್ ಸ್ಟಾಪ್ ಕೇಂದ್ರದಲ್ಲಿ ಸಾಮಾನ್ಯವಾಗಿ 5 ದಿನದವರೆಗೆ ತಂಗಬಹುದು, ಪೊಲೀಸ್, ವಕೀಲ, ಆಪ್ತಸಲಹೆ ಒಂದೇ ಕಡೆ. ದೊಡ್ಡ ಗಂಡುಮಗನಿದ್ದರೆ ಜೊತೆಗೆ ಇರಲು ಬಿಡುತ್ತಾರೆಯೇ ಎಂದು ಹೋಗುವ ಮೊದಲೇ ಕೇಳಿ. ಹೆಚ್ಚು ದಿನಕ್ಕೆ ಶಕ್ತಿ ಸದನ ಎಂಬ ಆಶ್ರಯ ಮನೆಗಳಿವೆ.

ಮಕ್ಕಳನ್ನು "ನಾಳೆ ಕರೆದುಕೊಂಡು ಹೋಗುತ್ತೇನೆ" ಎಂದು ಬಿಟ್ಟು ಬರಬೇಡಿ, ಆ ನಾಳೆ ವರ್ಷವಾಗಬಹುದು. ಕರೆತಂದ ದಿನವೇ "ಮಕ್ಕಳು ನನ್ನೊಡನೆ ಕ್ಷೇಮವಾಗಿದ್ದಾರೆ" ಎಂದು ಠಾಣೆಗೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ, ಇಲ್ಲದಿದ್ದರೆ ಅವನು ಅಪಹರಣದ ದೂರು ಕೊಟ್ಟಾಗ ಓಡಾಡಬೇಕಾಗುತ್ತದೆ. ಹೊಡೆತ ನೋಡುತ್ತ ಬೆಳೆದ ಮಗು ಹಾಸಿಗೆ ಒದ್ದೆ ಮಾಡಬಹುದು, ಮಾತು ಬಿಡಬಹುದು, ತಾನೇ ತಮ್ಮನಿಗೆ ಹೊಡೆಯಬಹುದು. ಬೈದರೆ ಹೆಚ್ಚಾಗುತ್ತದೆ. ಊಟ, ನಿದ್ದೆ, ಶಾಲೆ ಮೂರೂ ದಿನವೂ ಒಂದೇ ಹೊತ್ತಿಗೆ ನಡೆಯುವಂತೆ ನೋಡಿಕೊಂಡರೆ ನಿಧಾನಕ್ಕೆ ಇಳಿಯುತ್ತದೆ.

ಹೊರಬಂದ ಎರಡು ಮೂರು ವಾರಕ್ಕೆ, ಎಲ್ಲ ಸುರಕ್ಷಿತವಾದ ಮೇಲೇ, ಮನಸ್ಸು ಕುಸಿಯುವುದುಂಟು. ಗಂಡನ ನೆನಪಾಗಿ ಅಳು ಬರುವುದೂ ಉಂಟು. ಅದು ಸೋಲಲ್ಲ, ದೇಹ ಕಾವಲು ಇಳಿಸಿದ್ದಕ್ಕೆ ಬರುವ ಆಯಾಸ. ಸಾಯುವ ಯೋಚನೆ ಬಂದರೆ 14416, ಟೆಲಿ ಮಾನಸ್, ಹಗಲುರಾತ್ರಿ ಕನ್ನಡದಲ್ಲೂ ಮಾತಾಡುತ್ತಾರೆ. ತೋಟಕ್ಕೆ ಸಿಂಪಡಿಸುವ ಔಷಧಿ ಡಬ್ಬ ಇರುವ ಮನೆಯಲ್ಲಿ ತಂಗಿದ್ದರೆ ಅದನ್ನು ಬೀಗದೊಳಗಿಡಲು ಮನೆಯವರಿಗೆ ಹೇಳಿ.

ನೆರೆಯವರಿಗೆ ಒಂದು ಮಾತು. "ಯಾಕೆ ಇನ್ನೂ ಅಲ್ಲೇ ಇದ್ದೀ?" ಎಂದು ಕೇಳಬೇಡಿ. "ನಿನ್ನ ಚೀಲ ನಮ್ಮ ಮನೆಯಲ್ಲಿರಲಿ" ಎನ್ನಿ. ಅವಳು ಒಮ್ಮೆ ವಾಪಸು ಹೋದರೂ ಬಾಗಿಲು ಮುಚ್ಚಬೇಡಿ. ಎರಡು ಮೂರು ಸಲ ಹೋಗಿ ಬಂದ ಮೇಲೇ ಪೂರ್ತಿ ಹೊರಬರುವವರು ಬಹಳ.

ಆದೇಶ ಕೈಗೆ ಬಂದ ದಿನ ಅದರ ಉಚಿತ ಪ್ರತಿ ಪಡೆದು ಜೆರಾಕ್ಸ್ ಮಾಡಿಸಿ. ಒಂದು ನಿಮ್ಮ ಚೀಲದಲ್ಲಿ, ಒಂದು ಠಾಣೆಯಲ್ಲಿ ಸ್ವೀಕೃತಿಯೊಂದಿಗೆ, ಒಂದು ಮಕ್ಕಳ ಶಾಲೆಯ ಮುಖ್ಯ ಶಿಕ್ಷಕರ ಬಳಿ, ಒಂದು ಕೆಲಸದ ಜಾಗದಲ್ಲಿ. ರಕ್ಷಣಾ ಆದೇಶ ಮುರಿದರೆ 31ನೇ ಕಲಮಿನಡಿ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಗೇಟಿನ ಹೊರಗೆ ಬಂದು ನಿಂತು ಕೂಗಿದರೂ, ಬೇರೆಯವರ ಫೋನಿನಿಂದ ಬೆದರಿಸಿದರೂ ಆದೇಶದಲ್ಲಿ ಅದು ಬರೆದಿದ್ದರೆ ಉಲ್ಲಂಘನೆಯೇ. ಮೊದಲ ಸಲವೇ ದೂರು ಕೊಡಿ. ಎರಡನೇ ಸಲಕ್ಕೆ ಕಾದರೆ "ಅಂದು ಯಾಕೆ ಸುಮ್ಮನಿದ್ದಿರಿ" ಎಂಬ ಪ್ರಶ್ನೆ ನಿಮಗೇ ಬರುತ್ತದೆ.